ಓದ್ಲಿಕ್ಕೆ ಫಾರಿನ್‌ಗೆ ಹೊಂಟೀರಾ? ಅಲ್ಲಿ ಮಕ್ಕಳ ಜೋಡಿ ಗುಡ್ಡ ಹತ್ತೋದು, ವಾಲಂಟಿಯರ್ ಆಗೋದು ಹ್ಯಾಂಗ ಅಂತ ಪೂರಾ ಬರದೀನಿ

ಪ್ರತಿ ವರ್ಷ ಜುಲೈ ಆಗಸ್ಟ್ ಬಂತಂದ್ರ ನನಗ ಫೋನ್ ಶುರು ಆಗ್ತಾವ. ಅಕ್ಕಾ ಯುಕೆಗೆ ಹೊಂಟೀನಿ, ಕುಕ್ಕರ್ ಎಷ್ಟು ಲೀಟರಿಂದು ಒಯ್ಲಿ, ತೊಗರಿಬ್ಯಾಳಿ ಎಷ್ಟು ಕೆಜಿ ಕಟ್ಲಿ, ಪಾರ್ಟ್‌ಟೈಮ್ ಜಲ್ದಿ ಸಿಗ್ತದೇನು. ಎಲ್ಲಾ ಕೇಳ್ತಾರ, ಆದ್ರ ಶನಿವಾರ ಐತ್ವಾರ ಅಲ್ಲಿ ಏನ್ ಮಾಡ್ಬೇಕು, ಯಾರ ಜೋಡಿ ಕೂಡ್ಬೇಕು ಅಂತ ಇಲ್ಲಿತನಕ ಒಬ್ಬರೂ ಕೇಳಿಲ್ಲ, ಮತ್ತ ಅದೇ ಪ್ರಶ್ನೆ ನವೆಂಬರ್‌ನಾಗ ಅಳು ದನಿಯೊಳಗ ಬರ್ತದ, ಅಕ್ಕಾ ಭಾಳ ಬ್ಯಾಸರ ಆಗ್ಯದ, ಕ್ಲಾಸು ರೂಮು ಡ್ಯೂಟಿ ಬಿಟ್ರ ಏನೂ ಇಲ್ಲ, ನಾಕು ಗಂಟೆಕ್ಕೇ ಕತ್ತಲ ಆಗ್ಲಿಕತ್ತದ ಅಂತ. ಅದಕ್ಕ ಈ ಸಲ ಎಲ್ಲಾ ಒಂದೇ ಕಡಿ ಬರದು ಇಡ್ತೀನಿ. ನಾನು ಕಲಬುರಗಿಯವಳು, ಇಂಗ್ಲೆಂಡಿನ ಶೆಫೀಲ್ಡ್‌ನಾಗ ಓದೀನಿ, ಅಲ್ಲಿ ಎಂಟರಿಂದ ಹತ್ತು ವರ್ಷದ ಹುಡುಗ್ರ ಸ್ಕೌಟ್ ಗುಂಪಿನೊಳಗ ವಾರಕ್ಕೊಂದು ಸಂಜಿ ಕೆಲಸ ಮಾಡೀನಿ, ಅವರ ಜೋಡಿನೇ ಗುಡ್ಡ ಹತ್ತೋದು ಕಲ್ತೀನಿ.

ಮೊದಲು ಯಾಕ ಮಕ್ಕಳ ಜೋಡಿ ಅಂತ ಹೇಳ್ತೀನಿ. ನಮ್ ಕಡಿಯವ್ರು ಗುಡ್ಡದ ಮಂದಿ ಅಲ್ಲ. ಕಪ್ಪು ನೆಲ, ತೊಗರಿ ಹೊಲ, ಕಣ್ಣು ಹರಿಯೋ ತನಕ ಸಪಾಟ. ಅಲ್ಲಿ ಯೂನಿವರ್ಸಿಟಿಯೊಳಗ ಹೈಕಿಂಗ್ ಕ್ಲಬ್ ಇರ್ತದ, ಛಲೋನೇ ಇರ್ತದ, ಆದ್ರ ಅದರಾಗ ಬರೋ ಹುಡುಗ್ರು ಸಣ್ಣೋರಿದ್ದಾಗಿಂದ ಅಪ್ಪ ಅವ್ವನ ಜೋಡಿ ಗುಡ್ಡ ಸುತ್ತಿದವ್ರು, ಅವರ ನಡಿಗಿಗೆ ನಮ್ ನಡಿಗಿ ಹೊಂದಂಗಿಲ್ಲ. ನಾ ಒಂದು ಸಲ ಹೋಗಿ ಹಿಂದ ಬಿದ್ದು, ಇದು ನಮ್ಮಂಥವ್ರಿಗೆ ಅಲ್ಲ ಅಂತ ಎರಡು ತಿಂಗಳು ರೂಮಿನಾಗೇ ಕುಂತಿದ್ದೆ. ಮಕ್ಕಳ ಗುಂಪಿನೊಳಗ ಹಂಗಲ್ಲ. ಅಲ್ಲಿ ನಕ್ಷಿ ಓದೋದು, ಗಂಟ ಹಾಕೋದು, ಬೆಂಕಿ ಹಚ್ಚೋದು, ಟೆಂಟ್ ಹಾಕೋದು ಎಲ್ಲಾ ಅ ಆ ಇ ಈ ಇಂದ ಶುರು ಆಗ್ತದ, ಎಂಟು ವರ್ಷದ ಕೂಸಿಗೆ ತಿಳಿಯೋ ಹಂಗ ಹೇಳ್ತಾರ, ಅದರ ಬಾಜೂಕ ನಿಂತು ನೀವೂ ಕಲೀತೀರಿ, ಯಾರೂ ನಿಮಗ ಗೊತ್ತಿಲ್ಲೇನು ಅಂತ ಕೇಳಂಗಿಲ್ಲ. ಮ್ಯಾಲ ಹುಡುಗ್ರು ನಿಮ್ಮ ಇಂಗ್ಲಿಷ್ ಉಚ್ಚಾರ ನೋಡಂಗಿಲ್ಲ, ನೀವು ಆಟದಾಗ ಓಡ್ತೀರೋ ಇಲ್ಲೋ ಅಷ್ಟೇ ನೋಡ್ತಾರ.

ಇನ್ನ ಕೆಲಸದ ಮಾತಿಗೆ ಬರೋಣ.

ಹೋಗೋಕಿಂತ ಮೊದಲು ಇಲ್ಲೇ ಮಾಡ್ಕೋಬೇಕಾದ್ದು

ಅಲ್ಲಿ ಮಕ್ಕಳ ಜೋಡಿ ಏನೇ ಕೆಲಸ ಮಾಡ್ಬೇಕಂದ್ರೂ ಸಾಮಾನ್ಯವಾಗಿ ಇಬ್ಬರ ರೆಫರೆನ್ಸ್ ಕೇಳ್ತಾರ, ಮನಿಯವ್ರದು ನಡೆಯಂಗಿಲ್ಲ. ಕಾಲೇಜಿನ ಸರ್ ಮೇಡಂ, ಎನ್‌ಎಸ್‌ಎಸ್ ಆಫೀಸರು, ಕೆಲಸ ಮಾಡಿದ ಆಫೀಸಿನ ಮ್ಯಾನೇಜರು, ಇಂಥವ್ರು ಬೇಕು. ಕಾಲೇಜು ಬಿಟ್ಟ ಮ್ಯಾಲ ಸರ್‌ಗೆ ಮೇಲ್ ಕಳ್ಸಿದ್ರ ಉತ್ತರ ಬರೋದು ಕಷ್ಟ, ಅದಕ್ಕ ಹೋಗೋ ಮುಂದ ಖುದ್ದು ಭೇಟಿ ಆಗಿ, ಸರ್ ಇಂಥಾ ಕೆಲಸಕ್ಕ ನಿಮ್ಮ ಹೆಸರು ಕೊಡ್ತೀನಿ, ಇಂಗ್ಲೆಂಡಿಂದ ಮೇಲ್ ಬಂದ್ರ ನೋಡ್ರಿ ಅಂತ ಹೇಳಿ ಬರ್ರಿ. ಡಿಗ್ರಿಯೊಳಗ ಎನ್‌ಎಸ್‌ಎಸ್ ಮಾಡಿದವ್ರು ಆ ಸರ್ಟಿಫಿಕೇಟ್ ಬ್ಯಾಗಿನಾಗ ಹಾಕ್ಕೊಳ್ರಿ. ಎರಡು ವರ್ಷಕ್ಕ 240 ತಾಸು ಸೇವಾ, ಒಂದು ಏಳು ದಿನದ ಕ್ಯಾಂಪು, ಅಂದ್ರ ಹಳ್ಯಾಗ ಉಳ್ಕೊಂಡು ಕೆಲಸ ಮಾಡಿದ ಲೆಕ್ಕ, ಅದನ್ನ ಅಲ್ಲಿಯವ್ರಿಗೆ ಬಿಡಿಸಿ ಹೇಳಿದ್ರ ಭಾಳ ಕಿಮ್ಮತ್ತು ಕೊಡ್ತಾರ. ಸ್ಕೌಟ್ಸ್ ಗೈಡ್ಸ್, ಎನ್‌ಸಿಸಿ ಮಾಡಿದ್ರೂ ಅಷ್ಟೇ.

ಇನ್ನೊಂದು, ಪಾಸ್‌ಪೋರ್ಟ್‌ನಾಗ ಹೆಸರು. ನಮ್ ಕಡಿ ಭಾಳ ಮಂದಿದು ಸರ್‌ನೇಮ್ ಕಾಲಂ ಖಾಲಿ ಇರ್ತದ, ಹೆಸರು ಅಪ್ಪನ ಹೆಸರು ಅಡ್ಡಹೆಸರು ಎಲ್ಲಾ ಗಿವನ್ ನೇಮ್‌ನಾಗೇ ತುರುಕಿರ್ತಾರ, ಬ್ಯಾಂಕಿನಾಗ ಒಂದು ನಮೂನಿ, ಯೂನಿವರ್ಸಿಟಿಯೊಳಗ ಇನ್ನೊಂದು ನಮೂನಿ ಬರ್ತದ. ಮಕ್ಕಳ ಜೋಡಿ ಕೆಲಸಕ್ಕ ಸೇರೋರ ಮ್ಯಾಲ ಕೇಸು ಏನಾದ್ರೂ ಅದಾವೇನು ಅಂತ ಪೊಲೀಸ್ ಚೆಕ್ ಮಾಡಸ್ತಾರ, ಅದರ ಫಾರ್ಮ್ ತುಂಬೋ ಮುಂದ ಇದು ಕಾಡ್ತದ. ನಂದು ಇದರ ಸಲುವಾಗೇ ಮೂರು ವಾರ ತಡ ಆತು. ಟೈಮ್ ಇದ್ರ ಇಲ್ಲೇ ಸರಿ ಮಾಡಿಸ್ಕೊಳ್ರಿ, ಇಲ್ಲಾಂದ್ರ ಅಲ್ಲಿ ಬ್ಯಾಂಕ್ ಅಕೌಂಟ್ ತೆಗೆಯೋ ದಿನದಿಂದ ಎಲ್ಲಾ ಕಡಿ ಪಾಸ್‌ಪೋರ್ಟ್‌ನಾಗ ಇದ್ದಂಗೇ ಬರಸ್ರಿ. ಹಿಂದಿನ ಐದು ವರ್ಷ ಎಲ್ಲೆಲ್ಲಿ ಇದ್ರಿ ಅನ್ನೋ ವಿಳಾಸನೂ ಕೇಳ್ತಾರ, ತಾರೀಖು ಪಿನ್‌ಕೋಡ್ ಸಮೇತ, ಹಾಸ್ಟೆಲ್ ಪಿಜಿ ಎಲ್ಲಾ ಒಂದು ಹಾಳಿ ಮ್ಯಾಲ ಬರಕೊಂಡು ಹೋಗ್ರಿ. ನಮ್ ದೇಶದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೆಲವು ಕಡಿ ಕೇಳ್ತಾರ, ಕೆಲವು ಕಡಿ ಇಲ್ಲ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಾಗ ಅರ್ಜಿ ಹಾಕಿದ್ರ ಸಿಗ್ತದ, ಇದ್ರ ಛಲೋ.

ಮತ್ತ ಕಾಲಿಗೆ ರೂಢಿ ಮಾಡ್ಸ್ರಿ. ಗುಡ್ಡ ಇಲ್ಲ ಅಂದೆ ಖರೆ, ಆದ್ರ ಪೂರಾ ಇಲ್ಲ ಅಂತಲ್ಲ. ಯಾದಗಿರಿ ಕೋಟಿ ಊರ ನಡುವೇ ಅದ, ಮುಂಜಾನಿ ಹತ್ತಿ ಇಳದು ಬರ್ಲಿಕ್ಕೆ ಎರಡು ಮೂರು ತಾಸು. ಶಹಾಪುರದಾಗ ಮಲಗಿದ ಬುದ್ಧನ ಹಂಗ ಕಾಣೋ ಗುಡ್ಡಸಾಲು ಅದ, ರೋಡ್ ಮ್ಯಾಲಿಂದ ಫೋಟೋ ತೆಗೆದು ಹೋಗ್ತಾರ ಎಲ್ಲರೂ, ಬಂಡಿಗಲ್ಲಿನ ಮ್ಯಾಲ ಕಾಲಿಟ್ಟು ಹತ್ತಿ ನೋಡ್ರಿ. ಬೀದರ್ ಕೋಟಿ ಗ್ವಾಡಿ ಗುಂಟ ಒಂದು ಪೂರಾ ಸುತ್ತು ನಡದ್ರ ಅದೂ ಒಂದು ವ್ಯಾಯಾಮನೇ. ಚಿಂಚೋಳಿ ಕಾಡಿನ ಮಾತು ಕಡೀಕ ಹೇಳ್ತೀನಿ. ಹೋಗೋ ಮುಂದ ಒಬ್ಬರೇ ಹೋಗಬ್ಯಾಡ್ರಿ, ನಿಮ್ಮ ಓಣಿಯ ನಾಕೈದು ಹುಡುಗ್ರನ್ನ, ಅವರ ಮನಿಯವ್ರ ಒಬ್ಬರನ್ನ ಕರ್ಕೊಂಡು ಹೋಗ್ರಿ. ಅಲ್ಲಿ ಹೋಗಿ ಕಲಿಯೋದು ಅರ್ಧ ಇಲ್ಲೇ ಗೊತ್ತಾಗ್ತದ, ಅಂದ್ರ ಹುಡುಗ್ರು ಎಷ್ಟು ದೂರ ನಡೀತಾವ, ಯಾವಾಗ ಹಸಿವಂತಾವ, ಒಬ್ಬ ಜಗಳಾಡಿ ಕುಂತ್ರ ಏನ್ ಮಾಡ್ಬೇಕು ಅನ್ನೋದು.

ವೀಸಾ

ಇದನ್ನ ಯಾರೂ ಹಗುರ ತಗೋಬ್ಯಾಡ್ರಿ. ಯುಕೆ ಸ್ಟೂಡೆಂಟ್ ವೀಸಾದಾಗ ಡಿಗ್ರಿ ಮಾಡೋರಿಗೆ ಟರ್ಮ್ ನಡೀವಾಗ ವಾರಕ್ಕ 20 ತಾಸು ಕೆಲಸ, ಅಷ್ಟೇ. ಅಲ್ಲಿ ಎರಡು ಬ್ಯಾರೆ ಬ್ಯಾರೆ ಮಾತು ಅದಾವ. ಒಂದು ವಾಲಂಟಿಯರಿಂಗ್, ಅಂದ್ರ ಚಾರಿಟಿಗೆ ಮನಸಿದ್ದಾಗ ಹೋಗಿ ಸೇವಾ ಮಾಡೋದು, ಪಗಾರ ಇಲ್ಲ, ಕರಾರು ಇಲ್ಲ, ಇದು 20 ತಾಸಿನ ಲೆಕ್ಕಕ್ಕ ಬರಂಗಿಲ್ಲ. ಇನ್ನೊಂದು ವಾಲಂಟರಿ ವರ್ಕ್, ಅಂದ್ರ ರೊಕ್ಕ ಕೊಡಂಗಿಲ್ಲ ಆದ್ರ ಇಂಥಾ ದಿನ ಇಷ್ಟು ತಾಸು ಬರಲೇಬೇಕು ಅಂತ ನೌಕರಿ ಹಂಗ ಕಟ್ಟಿ ಹಾಕೋದು, ಇದು 20 ತಾಸಿನೊಳಗೇ ಎಣಿಕಿ ಆಗ್ತದ. ಹೆಸರು ಎರಡೂ ಒಂದೇ ನಮೂನಿ ಇರೋದಕ್ಕ ಮಂದಿ ಸಿಗಬೀಳ್ತಾರ. ಇನ್ನ ಆಟದ ಕೋಚ್ ಅಂತ ಹೆಸರಿದ್ರ ಇನ್ನೂ ಹುಷಾರು, ಸ್ಟೂಡೆಂಟ್ ವೀಸಾದ ಮ್ಯಾಲ ವೃತ್ತಿಪರ ಆಟಗಾರ ಅಥವಾ ಕೋಚ್ ಆಗಿ ಕೆಲಸ ಮಾಡಂಗಿಲ್ಲ ಅಂತ ಷರತ್ತೇ ಅದ. ಕ್ರಿಕೆಟ್ ಕಲಸ್ರಿ ಅಂತ ಯಾರಾದ್ರೂ ಕರದ್ರ ಮೊದಲು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಕೇಳ್ರಿ, ಮೇಲ್‌ನಾಗ ಉತ್ತರ ತಗೊಂಡು ಇಟ್ಕೊಳ್ರಿ. ಫ್ರೆಂಡ್ ಹೇಳಿದ, ಗ್ರೂಪಿನಾಗ ಓದಿದೆ ಅನ್ನೋದು ಇಮಿಗ್ರೇಷನ್‌ನವ್ರ ಮುಂದ ನಡೆಯಂಗಿಲ್ಲ.

ಬ್ಯಾರೆ ದೇಶದ್ದು ಗಡಬಡಿಲೆ ಹೇಳ್ತೀನಿ. ಆಸ್ಟ್ರೇಲಿಯಾದಾಗ ಎರಡು ವಾರಕ್ಕ 48 ತಾಸು, ಮಕ್ಕಳ ಕೆಲಸಕ್ಕ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಬೇಕು, ಅದು ರಾಜ್ಯಕ್ಕೊಂದು ಬ್ಯಾರೆ, ಕ್ವೀನ್ಸ್‌ಲ್ಯಾಂಡ್‌ನಾಗ ಅದಕ್ಕ ಬ್ಲೂ ಕಾರ್ಡ್ ಅಂತಾರ. ಕೆನಡಾದಾಗ ವಲ್ನರಬಲ್ ಸೆಕ್ಟರ್ ಚೆಕ್ ಅಂತ ಪೊಲೀಸರ ಹತ್ರ ಮಾಡಿಸ್ಬೇಕು. ಐರ್ಲೆಂಡ್‌ನಾಗ ಅಂಥಾದ್ದೇ ಪೊಲೀಸ್ ಚೆಕ್‌ಗೆ ಗಾರ್ಡಾ ವೆಟ್ಟಿಂಗ್ ಅಂತಾರ. ಜರ್ಮನಿಯೊಳಗ ವರ್ಷಕ್ಕ 140 ಪೂರಾ ದಿನ ಕೆಲಸ ಮಾಡಬಹುದು, ಮಕ್ಕಳ ಸಂಘಕ್ಕ ಸೇರೋರು ಊರಿನ ಆಫೀಸಿನಿಂದ ನಡತೆ ಪತ್ರ ತರಬೇಕು, ಸಂಘದವ್ರು ವಾಲಂಟಿಯರ್ ಅಂತ ಚೀಟಿ ಕೊಟ್ರ ಫೀ ಇಲ್ಲ, ಆದ್ರ ಅಲ್ಲಿ ಹುಡುಗ್ರ ಜೋಡಿ ಜರ್ಮನ್ ಮಾತಾಡ್ಲಿಕ್ಕೆ ಬರಬೇಕು, ಭಾಷಾ ಪರೀಕ್ಷೆಯ ಬಿ1 ಮಟ್ಟ ಆದ್ರೂ ಮುಗಿಸ್ಕೊಂಡು ಹೋಗ್ರಿ.

ಸೇರೋದು ಹ್ಯಾಂಗ

ಎಲ್ಲಕ್ಕಿಂತ ಸರಳ ದಾರಿ ಜೂನಿಯರ್ ಪಾರ್ಕ್‌ರನ್. ಐತ್ವಾರ ಮುಂಜಾನಿ ಪಾರ್ಕಿನಾಗ 4ರಿಂದ 14 ವರ್ಷದ ಹುಡುಗ್ರು 2 ಕಿಲೋಮೀಟರ್ ಓಡ್ತಾವ, ಪುಕ್ಕಟ. ದಾರಿ ಗುಂಟ ನಿಂತು ಈ ಕಡಿ ಹೋಗ್ರಿ ಅಂತ ತೋರಸ್ಲಿಕ್ಕೆ, ಚಪ್ಪಾಳಿ ಹೊಡೀಲಿಕ್ಕೆ, ಟೈಮ್ ಬರಕೊಳ್ಳಿಕ್ಕೆ ಮಂದಿ ಬೇಕಿರ್ತದ. ಹೊಸದಾಗಿ ಹೋದ ಮೊದಲ ತಿಂಗಳೇ ಹೋಗಬಹುದು. ಒಂದು ತಾಸಿನ ಕೆಲಸ, ನಾಕು ವಾರ ಹೋದ್ರ ಹತ್ತು ಮಂದಿ ಹೆಸರು ಹಿಡದು ಮಾತಾಡಸ್ತಾರ. ನನಗ ಸ್ಕೌಟ್ ಗುಂಪಿನ ವಿಷಯ ಹೇಳಿದವ್ರೂ ಅಲ್ಲೇ ಸಿಕ್ಕಿದ ಒಬ್ಬ ತಾಯಿ.

ಸ್ಕೌಟಿಂಗ್ ಹುಟ್ಟಿದ್ದೇ ಇಂಗ್ಲೆಂಡಿನಾಗ, 1907ರಾಗ ಬ್ರೌನ್‌ಸೀ ಅನ್ನೋ ಸಣ್ಣ ದ್ವೀಪದ ಮ್ಯಾಲ ಬೇಡನ್ ಪೊವೆಲ್ ಮಾಡಿದ ಕ್ಯಾಂಪ್‌ನಿಂದ. ಈಗ ಅಲ್ಲಿ ವಯಸ್ಸಿಗೊಂದು ಗುಂಪು ಅದಾವ, 6ರಿಂದ 8 ಬೀವರ್ಸ್, 8ರಿಂದ ಹತ್ತೂವರಿ ಕಬ್ಸ್, ಅಲ್ಲಿಂದ 14ರ ತನಕ ಸ್ಕೌಟ್ಸ್, ಆಮ್ಯಾಲ 18ರ ತನಕ ಎಕ್ಸ್‌ಪ್ಲೋರರ್ಸ್. ಗಂಡು ಹೆಣ್ಣು ಕೂಡೇ ಇರ್ತಾವ. ವಾರಕ್ಕೊಂದು ಸಂಜಿ ಚರ್ಚ್ ಹಾಲ್‌ನಾಗೋ ಗುಂಪಿನ ಸ್ವಂತ ಗುಡಿಸಲಿನಾಗೋ ಸೇರ್ತಾರ, ತಿಂಗಳಿಗೊಂದು ಎರಡು ಸಲ ಹೊರಗ. ಪ್ರತಿಜ್ಞಾ ಮಾಡೋದು ಇರ್ತದ, ನಿಮ್ಮ ಧರ್ಮಕ್ಕ ತಕ್ಕಂಗ ಮಾತು ಬದಲಿ ಮಾಡಿ ಹೇಳಬಹುದು, ದೇವರು ನಂಬಂಗಿಲ್ಲ ಅನ್ನೋರಿಗೂ ಬ್ಯಾರೆ ಮಾತು ಅದ, ಅದರ ಚಿಂತಿ ಬ್ಯಾಡ. ದೊಡ್ಡವರು ಕಮ್ಮಿ ಇರೋದಕ್ಕ ಎಷ್ಟೋ ಗುಂಪಿನಾಗ ಮಕ್ಕಳು ವೇಟಿಂಗ್ ಲಿಸ್ಟ್‌ನಾಗ ಇರ್ತಾರ, ಅಂದ್ರ ನೀವು ಹೋದ್ರ ಅವರಿಗೆ ಉಪಕಾರನೇ ಹೊರತು ಭಾರ ಅಲ್ಲ, ಸಂಕೋಚ ಮಾಡ್ಕೋಬ್ಯಾಡ್ರಿ.

ಗುಂಪಿನವ್ರು ಡಿಬಿಎಸ್ ಚೆಕ್, ಅಂದ್ರ ನಾ ಮೊದಲು ಹೇಳಿದ ಪೊಲೀಸ್ ಚೆಕ್ ಮಾಡಸ್ತಾರ, ವಾಲಂಟಿಯರ್‌ಗೆ ಸರ್ಕಾರದ ಫೀ ಇಲ್ಲ. ಸ್ಕಾಟ್ಲೆಂಡ್‌ನಾಗ ಅದಕ್ಕ ಪಿವಿಜಿ ಅಂತಾರ. ಪಾಸ್‌ಪೋರ್ಟ್, ವೀಸಾದ ದಾಖಲಿ, ವಿಳಾಸಕ್ಕ ಬ್ಯಾಂಕ್ ಸ್ಟೇಟ್‌ಮೆಂಟ್ ಇಷ್ಟು ರೆಡಿ ಇಟ್ಕೊಳ್ರಿ. ಬರೋ ತನಕ ವಾರಗಟ್ಟಲೆ ಹೋಗ್ತದ, ಆ ವ್ಯಾಳಿಯೊಳಗ ಸೇಫ್‌ಗಾರ್ಡಿಂಗ್, ಅಂದ್ರ ಮಕ್ಕಳನ್ನ ಸುರಕ್ಷಿತ ಇಡೋದ್ರ ಟ್ರೇನಿಂಗ್ ಆನ್‌ಲೈನ್ ಮುಗಸ್ರಿ. ಸೇರೋ ಮುಂದ ಕಮ್ಮಿ ಅಂದ್ರ ಒಂದು ಟರ್ಮ್ ಬರ್ತೀನಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೇ ಸೇರ್ರಿ. ಎರಡು ವಾರ ಬಂದು ಮಾಯ ಆಗೋರಿಂದ ಹುಡುಗ್ರ ಮನಸ್ಸಿಗೆ ನೋವಾಗ್ತದ. ಇದೇ ಕಾರಣಕ್ಕ ರಜಾದಾಗ ರೊಕ್ಕ ಕಟ್ಟಿ ಯಾವುದೋ ಬಡ ದೇಶದ ಅನಾಥಾಶ್ರಮಕ್ಕ ಎರಡು ವಾರ ಹೋಗಿ ಬರ್ರಿ ಅಂತ ಪ್ಯಾಕೇಜ್ ಮಾರೋರ ಹತ್ರ ಹೋಗಬ್ಯಾಡ್ರಿ. ಹದಿನೈದು ದಿನಕ್ಕೊಬ್ಬ ಹೊಸಬ ಬಂದು ಮುದ್ದು ಮಾಡಿ ಬಿಟ್ಟು ಹೋದ್ರ ಆ ಕೂಸಿನ ಗತಿ ಏನು, ನೀವೇ ವಿಚಾರ ಮಾಡ್ರಿ.

ಮಕ್ಕಳ ಜೋಡಿ ಇರೋ ರೀತಿ, ಇದನ್ನ ಎರಡು ಸಲ ಓದ್ರಿ

ನಮ್ ಊರಾಗ ಯಾರ ಕೂಸು ಇದ್ರೂ ಎತ್ಕೋತೀವಿ, ಗಲ್ಲ ಹಿಂಡ್ತೀವಿ, ಚಾಕ್ಲೇಟ್ ಕೊಡ್ತೀವಿ, ಫೋಟೋ ತಗೊಂಡು ಸ್ಟೇಟಸ್ ಹಾಕ್ತೀವಿ. ಅದರಾಗ ಪ್ರೀತಿನೇ ಇರ್ತದ. ಅಲ್ಲಿ ಇದು ಯಾವುದೂ ಮಾಡಂಗಿಲ್ಲ. ಒಂದು ಕೂಸಿನ ಜೋಡಿ ಒಬ್ಬರೇ ಬಾಗಲ ಹಾಕಿದ ಖೋಲಿಯೊಳಗ ಇರಂಗಿಲ್ಲ, ಯಾವಾಗ್ಲೂ ಇನ್ನೊಬ್ಬ ದೊಡ್ಡವರ ಕಣ್ಣಿಗೆ ಕಾಣೋ ಹಂಗ ಇರಬೇಕು. ನಿಮ್ಮ ಸ್ವಂತ ಫೋನಿನಾಗ ಫೋಟೋ ಬ್ಯಾಡ. ಮಕ್ಕಳಿಗೆ ನಂಬರ್ ಕೊಡಬ್ಯಾಡ್ರಿ, ಇನ್‌ಸ್ಟಾದಾಗ ರಿಕ್ವೆಸ್ಟ್ ಬಂದ್ರ ತಗೋಬ್ಯಾಡ್ರಿ. ಯುಕೆ ಸ್ಕೌಟ್ಸ್‌ನಾಗ ಇದೆಲ್ಲಾ ಒಂದು ಹಳದಿ ಕಾರ್ಡ್ ಮ್ಯಾಲ ಬರದು ಕೊಡ್ತಾರ, ಪಾಕೀಟಿನಾಗ ಇಟ್ಕೊಳ್ರಿ. ಮೊದಲಿಗೆ ನನಗ ಇದು ಕಲ್ಲಿನ ಮನಸ್ಸಿನವ್ರ ನಿಯಮ ಅನಿಸಿತ್ತು. ಒಂದು ವರ್ಷ ಆದ ಮ್ಯಾಲ ಅನಿಸಿದ್ದು, ಇಂಥಾ ನಿಯಮ ನಮ್ಮ ಸಾಲಿಯೊಳಗ, ಟ್ಯೂಷನ್‌ನಾಗ, ಹಾಸ್ಟೆಲ್‌ನಾಗ ಇದ್ದಿದ್ರ ಎಷ್ಟು ಮಕ್ಕಳು ಉಳೀತಿದ್ವು ಅಂತ.

ಒಂದು ಸಂಜಿ ಒಂದು ಹುಡುಗಿ ಬಾಜೂಕ ಬಂದು ಕುಂತು, ಒಂದು ಮಾತು ಹೇಳ್ತೀನಿ ಯಾರಿಗೂ ಹೇಳಬ್ಯಾಡ್ರಿ ಅಂತು. ಟ್ರೇನಿಂಗ್‌ನಾಗ ಹೇಳಿಕೊಟ್ಟಂಗೇ ಮಾಡೀನಿ, ನೀವೂ ನೆನಪಿಡ್ರಿ. ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಡಬಾರದು, ನಿನಗ ಛಲೋ ಆಗ್ಲಿಕ್ಕೆ ಬೇಕಾದ್ರ ಒಬ್ಬರಿಗೆ ಹೇಳಬೇಕಾಗ್ತದ ಅಂತ ಮೊದಲೇ ಹೇಳ್ಬೇಕು. ಆಮ್ಯಾಲ ಸುಮ್ನ ಕೇಳ್ಬೇಕು. ಅವ ಹಿಂಗ ಮಾಡಿದ್ನಾ, ಹಂಗ ಮಾಡಿದ್ನಾ ಅಂತ ನಾವೇ ಬಾಯಾಗ ಮಾತು ಇಡಬಾರದು. ಅದು ಹೇಳಿದ ಮಾತು ಅದರದೇ ಶಬ್ದದಾಗ ಬರಕೊಂಡು ಆವತ್ತೇ ಲೀಡರ್‌ಗೆ ಮುಟ್ಟಿಸ್ಬೇಕು. ಅಲ್ಲಿಗೆ ನಿಮ್ಮ ಕೆಲಸ ಮುಗೀತದ, ನೀವೇ ಹೋಗಿ ವಿಚಾರಣಾ ಮಾಡೋದಲ್ಲ. ಆ ರಾತ್ರಿ ನನಗ ನಿದ್ದಿ ಬರಲಿಲ್ಲ, ಆದ್ರ ಸರಿಯಾದ ಕಡಿ ಮಾತು ಮುಟ್ಯದ ಅನ್ನೋ ಧೈರ್ಯ ಇತ್ತು.

ತಿನ್ನೋದ್ರ ವಿಷಯ ಇನ್ನೂ ನಾಜೂಕು. ದೀಪಾವಳಿಗೆ ಅವ್ವ ಕಳಿಸಿದ ಶೇಂಗಾ ಉಂಡಿ ಡಬ್ಬಿ ತಗೊಂಡು ಹೋಗಿದ್ದೆ, ಎಲ್ಲರಿಗೂ ಹಂಚೋಣ ಅಂತ. ಲೀಡರ್ ಬಾಗಲಾಗೇ ತಡದು, ಡಬ್ಬಿ ಕಾರಿನಾಗ ಇಟ್ಟು ಕೈ ಸಾಬೂನು ಹಚ್ಚಿ ತೊಳ್ಕೊಂಡು ಬಾ ಅಂದ್ರು. ಗುಂಪಿನಾಗ ಒಬ್ಬ ಹುಡುಗನಿಗೆ ಶೇಂಗಾ ಅಲರ್ಜಿ, ಬಾಯಾಗ ಒಂದು ಕಾಳು ಬಿದ್ರೂ ಉಸಿರು ಕಟ್ತದ, ಅವನ ಬ್ಯಾಗಿನಾಗ ಯಾವಾಗ್ಲೂ ಅಡ್ರಿನಲಿನ್ ಇಂಜೆಕ್ಷನ್ ಪೆನ್ ಇರ್ತಿತ್ತು. ನಮ್ ಕಡಿ ಶೇಂಗಾ ಇಲ್ಲದ ಅಡಗಿನೇ ಇಲ್ಲ, ಶೇಂಗಾ ಹಿಂಡಿ, ಶೇಂಗಾ ಹೋಳಿಗಿ, ಎಣ್ಣಿಗಾಯಿಯೊಳಗೂ ಶೇಂಗಾ, ಅದಕ್ಕ ಈ ಮಾತು ನಾವು ಉಳಿದವ್ರಿಗಿಂತ ಹೆಚ್ಚು ಲಕ್ಷ್ಯ ಇಡ್ಬೇಕು. ಏನೇ ಒಯ್ಯೋ ಮುಂದ ಲೀಡರ್‌ಗೆ ಕೇಳ್ರಿ, ಒಳಗ ಏನೇನು ಹಾಕ್ಯಾರ ಅಂತ ಬರದು ಕೊಡ್ರಿ. ಆ ಪೆನ್ ಹ್ಯಾಂಗ ಚುಚ್ಚೋದು ಅಂತ ಮೊದಲ ವಾರವೇ ಕಲೀರಿ. ಜ್ವಾಳದ ರೊಟ್ಟಿಯೊಳಗ ಗ್ಲೂಟನ್ ಇರಂಗಿಲ್ಲ, ಗೋಧಿ ಆಗದ ಮಕ್ಕಳಿಗೆ ಇದು ವರ ಅನಿಸ್ತದ, ಆದ್ರ ನಮ್ ಗಿರಣಿಯೊಳಗ ಗೋಧಿ ಹಾಕಿದ ಕಲ್ಲಿಗೇ ಜ್ವಾಳ ಹಾಕ್ತಾರ, ಹಂಗಾಗಿ ಊರಿಂದ ಬಂದ ರೊಟ್ಟಿ ಅಂಥಾ ಕೂಸಿಗೆ ಕೊಡಬ್ಯಾಡ್ರಿ. ನೀವು ಮಾತ್ರ ಕಟಕ ರೊಟ್ಟಿ ಧಾರಾಳ ಒಯ್ರಿ, ತಿಂಗಳುಗಟ್ಟಲೆ ಕೆಡಂಗಿಲ್ಲ, ಗುಡ್ಡದ ಮ್ಯಾಲ ಅದರಂಥಾ ಬುತ್ತಿ ಇನ್ನೊಂದಿಲ್ಲ.

ಗುಡ್ಡಕ್ಕ ಹೋಗೋ ಮುಂದ

ಶೆಫೀಲ್ಡ್‌ನಿಂದ ಟ್ರೇನ್ ಹತ್ತಿದ್ರ ಅರ್ಧ ತಾಸಿಗೆ ಈಡೇಲ್ ಅನ್ನೋ ಹಳ್ಳಿ ಬರ್ತದ, ಪೀಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕ್‌ನೊಳಗ. 1951ರಾಗ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್ ಅಂತ ಮಾಡಿದ್ದು ಇದನ್ನೇ. ಅಲ್ಲಿ ಮ್ಯಾಮ್ ಟಾರ್ ಅಂತ ಒಂದು ಗುಡ್ಡ ಅದ, ಎತ್ತರ 517 ಮೀಟರ್. ನಮ್ ಕಲಬುರಗಿ ಊರೇ ಸಮುದ್ರ ಮಟ್ಟದಿಂದ 450 ಮೀಟರ್ ಸುಮಾರು ಮ್ಯಾಲ ಅದ, ಅಂದ್ರ ಅದರ ನೆತ್ತಿ ನಮ್ ಮನಿ ಮಾಳಗಿಗಿಂತ ಅಂಥಾ ದೊಡ್ಡ ಎತ್ತರ ಏನಲ್ಲ. ಇದನ್ನೇ ನೋಡಿ ನಾನು ಜೀನ್ಸ್, ಹತ್ತಿ ಟೀಶರ್ಟು, ಒಂದು ಸ್ವೆಟರ್ ಹಾಕ್ಕೊಂಡು ಫ್ರೆಂಡ್ಸ್ ಜೋಡಿ ಅಕ್ಟೋಬರ್‌ನಾಗ ಹೋಗಿದ್ದೆ. ಅರ್ಧ ಹತ್ತೋದ್ರಾಗ ಮಳಿ, ಮ್ಯಾಲ ಹೋದ್ರ ನಿಂದ್ರಲಿಕ್ಕೆ ಬಿಡದ ಗಾಳಿ, ಜೀನ್ಸ್ ತೊಯ್ದು ಕಾಲಿಗೆ ಅಂಟ್ಕೊಂಡು ಬರ್ಫದ ಪಟ್ಟಿ ಕಟ್ಟಿದಂಗ ಆತು, ಬಟ್ಟು ಸೆಟದು ಜಿಪ್ ಹಾಕ್ಲಿಕ್ಕೆ ಬರಲಿಲ್ಲ. ದಾರ್ಯಾಗ ಒಬ್ಬರು ವಯಸ್ಸಾದವ್ರು ತಮ್ಮ ಕೈಗವಸು ಬಿಚ್ಚಿ ಕೊಟ್ಟು, ಫ್ಲಾಸ್ಕಿನಿಂದ ಬಿಸಿ ಚಾ ಹಾಕಿ ಕುಡಿಸಿ ಕೆಳಗ ಇಳಿಸಿದ್ರು. ಅಲ್ಲಿ ಎತ್ತರಕ್ಕ ಅಂಜಬೇಕಾಗಿಲ್ಲ, ಹವಾಕ್ಕ ಅಂಜಬೇಕು.

ಹತ್ತಿ ಯಾಕ ಬ್ಯಾಡ ಅಂದ್ರ, ತೊಯ್ದ ಹತ್ತಿ ಮೈ ಶಾಖ ಎಲ್ಲಾ ಹೀರ್ತದ. ಉಣ್ಣಿ ಹಂಗಲ್ಲ. ನಮ್ ಕುರಿ ಕಾಯೋರು ಮಳ್ಯಾಗ ಕಂಬಳಿ ಕೊಪ್ಪಿ ಹಾಕ್ಕೊಂಡು ದಿನವೆಲ್ಲಾ ಹೊಲದಾಗ ನಿಂದಿರ್ತಾರಲ್ಲ, ತೊಯ್ದರೂ ಒಳಗ ಬೆಚ್ಚಗ ಇರ್ತದ, ಅದೇ ಲೆಕ್ಕ. ಮೈಗೆ ತಾಗೋ ಹಂಗ ಉಣ್ಣಿಯದೋ ಸಿಂಥೆಟಿಕ್‌ದೋ ತೆಳ್ಳನ ಅಂಗಿ, ಅದರ ಮ್ಯಾಲ ಫ್ಲೀಸ್ ಅನ್ನೋ ಬೆಚ್ಚನ ಮೆತ್ತನ ಅಂಗಿ, ಎಲ್ಲಕ್ಕೂ ಮ್ಯಾಲ ನೀರು ಗಾಳಿ ತಡೆಯೋ ಜಾಕೆಟ್ಟು, ಪ್ಯಾಂಟು, ಟೊಪಗಿ, ಎರಡು ಜೋಡಿ ಗ್ಲೌಸ್. ಎಲ್ಲಾ ಹೊಸದು ತಗೊಂಡ್ರ ರೊಕ್ಕ ನೀರಿನಂಗ ಹೋಗ್ತದ. ಚಾರಿಟಿ ಅಂಗಡಿಯೊಳಗ ಹಳೇ ಸಾಮಾನು ಸಿಗ್ತಾವ, ಸ್ಕೌಟ್ ಗುಂಪಿನಾಗ ಬಿಟ್ಟು ಹೋದ ಜಾಕೆಟ್ ಇರ್ತಾವ, ಕೇಳ್ರಿ. ಬೂಟ್ ಮಾತ್ರ ಕಾಲಿಗೆ ಹೊಂದೋ ಹೊಸದೇ ಇರ್ಲಿ. ಟ್ರೇನಿಗೆ 16-25 ರೇಲ್‌ಕಾರ್ಡ್ ತಗೊಂಡ್ರ ಟಿಕೆಟ್‌ನಾಗ ಮೂರನೇ ಒಂದು ಭಾಗ ಉಳೀತದ, ಫುಲ್‌ಟೈಮ್ ಓದೋರು 26 ದಾಟಿದ್ರೂ ಅದು ಸಿಗ್ತದ.

ಈಗ ಅದೇ ಗುಡ್ಡಕ್ಕ ಕಬ್ಸ್ ಜೋಡಿ ಹೋದಾಗ ಹ್ಯಾಂಗ ಹೋಗ್ತಾರ ನೋಡ್ರಿ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು, ಎಷ್ಟೇ ಸಣ್ಣ ಗುಂಪಿದ್ರೂ ಇಬ್ಬರಿಗಿಂತ ಕಮ್ಮಿ ಇಲ್ಲ. ಎತ್ತರಕ್ಕ, ರೋಡಿನಿಂದ ದೂರಕ್ಕ ಹೋಗೋದಿದ್ರ ಅದಕ್ಕ ಪರ್ಮಿಟ್ ಇದ್ದ ಲೀಡರೇ ಬೇಕು, ನೀವು ಎಷ್ಟೇ ಹುರುಪಿನವ್ರಿದ್ರೂ ಸಹಾಯಕ್ಕ ಮಾತ್ರ. ಹಿಂದಿನ ದಿನ ಹವಾ ನೋಡಿ, ಗಾಳಿ ಜಾಸ್ತಿ ಇದ್ರ ಸುಮ್ನ ಕ್ಯಾನ್ಸಲ್ ಮಾಡ್ತಾರ. ನಡಿಗಿ ಲೆಕ್ಕಕ್ಕ ಒಂದು ಹಳೇ ಸೂತ್ರ ಅದ, 1892ರಾಗ ನೈಸ್ಮಿತ್ ಅನ್ನೋ ಸ್ಕಾಟಿಷ್ ಗುಡ್ಡದವ ಹೇಳಿದ್ದು, ಸುಮಾರು 5 ಕಿಲೋಮೀಟರಿಗೆ ಒಂದು ತಾಸು, ಮ್ಯಾಲ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಅದು ಗಟ್ಟಿ ಮುಟ್ಟಾದ ದೊಡ್ಡವರದು, ಮಕ್ಕಳಿದ್ರ ಆಗೋ ಟೈಮ್ ಡಬಲ್ ಹಿಡೀರಿ. ಸಾಲಿನಾಗ ಎಲ್ಲಕ್ಕೂ ನಿಧಾನ ನಡೆಯೋ ಕೂಸನ್ನ ಮುಂದ ಬಿಡ್ತಾರ, ಇದು ನನಗ ಭಾಳ ಹಿಡಿಸ್ತು, ಹಿಂದ ಬಿದ್ದೆ ಅನ್ನೋ ಮಾತೇ ಯಾರಿಗೂ ಬರಂಗಿಲ್ಲ. ಡಿಸೆಂಬರ್‌ನಾಗ ನಾಕು ಗಂಟೆಕ್ಕಿಂತ ಮೊದಲೇ ಹೊತ್ತು ಮುಣಗ್ತದ, ಎರಡಕ್ಕೆಲ್ಲಾ ಇಳೀಲಿಕ್ಕೆ ಶುರು ಮಾಡ್ರಿ, ತಲಿಗೆ ಕಟ್ಟೋ ಬ್ಯಾಟರಿ ಎಲ್ಲರ ಬ್ಯಾಗಿನಾಗ.

ನಕ್ಷಿ ಓದೋದು ಫೋನಿನಾಗ ಅಲ್ಲ, ಕಾಗದದ್ದು ಕಲೀರಿ, ಥಂಡಿಗೆ ಫೋನ್ ಬ್ಯಾಟರಿ ಜಲ್ದಿ ಸಾಯ್ತದ. ಆರ್ಡನೆನ್ಸ್ ಸರ್ವೇ ಅಂತ 1:25,000 ನಕ್ಷಿ ಬರ್ತಾವ, 4 ಸೆಂಟಿಮೀಟರ್ ಅಂದ್ರ 1 ಕಿಲೋಮೀಟರ್. ಒಂದೇ ಎತ್ತರದ ಜಾಗ ಕೂಡಿಸೋ ಕಂದು ಬಣ್ಣದ ಕಂಟೂರ್ ಗೆರಿ ನನಗ ಎಂಎಸ್‌ಸಿ ಮುಗಿಯೋ ತನಕ ತಿಳಿದಿರಲಿಲ್ಲ, ಒಂಬತ್ತು ವರ್ಷದ ಹುಡುಗ ಕಲಸಿದ. ಕೈ ಮುಷ್ಟಿ ಕಟ್ಟಿ, ಬಟ್ಟಿನ ಗೆಣ್ಣಿನ ಸುತ್ತ ಪೆನ್ನಿನಿಂದ ಉಂಗುರ ಉಂಗುರ ಗೆರಿ ಹಾಕಿ, ಆಮ್ಯಾಲ ಕೈ ಬಿಚ್ಚಿ ಸಪಾಟ ಮಾಡು ಅಂದ. ಮಾಡಿದೆ. ಗುಡ್ಡ ಹೋಗಿ ನಕ್ಷಿ ಆತು. ಗೆರಿ ಒತ್ತೊತ್ತಾಗಿದ್ರ ಕಡಿದಾದ ಏರು, ದೂರ ದೂರ ಇದ್ರ ಸಾವಕಾಶ ಏರು. ಈಗ ಇಲ್ಲಿ ಹುಡುಗ್ರಿಗೂ ಹಂಗೇ ತೋರಸ್ತೀನಿ.

ಅಪಾಯ ಬಂದ್ರ 999ಕ್ಕ ಫೋನ್ ಮಾಡಿ ಮೊದಲು ಪೊಲೀಸ್ ಅಂತ ಕೇಳ್ರಿ, ಆಮ್ಯಾಲ ಮೌಂಟೇನ್ ರೆಸ್ಕ್ಯೂ ಅನ್ರಿ. ಬರೋರೂ ವಾಲಂಟಿಯರ್‌ಗಳೇ, ರೊಕ್ಕ ತಗೊಳ್ಳಂಗಿಲ್ಲ. ಸಿಗ್ನಲ್ ಕಮ್ಮಿ ಇದ್ರ 999ಕ್ಕ ಮೆಸೇಜ್ ಕಳಿಸಬಹುದು, ಆದ್ರ ಅದಕ್ಕ ಮೊದಲೇ ರಿಜಿಸ್ಟರ್ ಅನ್ನೋ ಇಂಗ್ಲಿಷ್ ಶಬ್ದ ಅದೇ ನಂಬರಿಗೆ ಮೆಸೇಜ್ ಮಾಡಿ ನೋಂದಣಿ ಆಗಿರಬೇಕು, ಸಿಮ್ ಹಾಕಿದ ದಿನವೇ ಮಾಡಿಬಿಡ್ರಿ. ಸೀಟಿ ಇರ್ಲಿ, ಒಂದು ನಿಮಿಷದಾಗ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತ ಆರು ಸಲ. ಒಂದು ಕೂಸು ನಡುಗ್ಲಿಕತ್ರ, ಮಾತು ತೊದಲಿದ್ರ, ಎಡವ್ಲಿಕತ್ರ, ಸುಮ್ನ ಮಬ್ಬಾಗಿ ಕುಂತ್ರ ಅದು ಥಂಡಿ ಮೈಗೆ ಹತ್ಯದ ಅಂತ ತಿಳ್ಕೊಳ್ರಿ, ಗಾಳಿ ಮರೆಗೆ ಒಯ್ದು, ತೊಯ್ದ ಬಟ್ಟಿ ಬದಲಿ ಮಾಡಿಸಿ, ಬೆಚ್ಚಗ ಸುತ್ತಿ, ಎಚ್ಚರ ಇದ್ರ ಸಿಹಿ ಬಿಸಿ ಕುಡಿಯಾಕ ಕೊಡ್ರಿ. ಇನ್ನ ಕೆರಿ ಡ್ಯಾಮು ಎಷ್ಟೇ ಬಿಸಲಿದ್ರೂ ಜಿಗೀಬ್ಯಾಡ್ರಿ. ನಮ್ ಬಾವಿ ನೀರಿನಂಗಲ್ಲ ಅದು, ಬ್ಯಾಸಗ್ಯಾಗೂ ಕೊರೀತಿರ್ತದ, ಬಿದ್ದ ತಕ್ಷಣ ಉಸಿರು ಎಳ್ಕೋತದ, ಛಲೋ ಈಜೋರೂ ಮುಣಗ್ಯಾರ.

ಬರೇ ಕಲಿಯೋಕ ಹೋಗಬ್ಯಾಡ್ರಿ, ಕೊಡ್ಲಿಕ್ಕೂ ನಿಮ್ಮ ಹತ್ರ ಭಾಳ ಅದ. ಬೆಂಕಿ ಹಚ್ಚೋ ದಿನ ಒದ್ದಿ ಕಟ್ಟಿಗಿ ಹಿಡ್ಕೊಂಡು ಎಲ್ಲರೂ ಒದ್ದಾಡ್ಲಿಕತ್ತಿದ್ರು. ನಮ್ ಅಮ್ಮ ತೊಗರಿ ಕಟ್ಟಿಗಿ ಹಾಕಿ ಒಲಿ ಹಚ್ಚೋದು ನೋಡಿ ಬೆಳೆದವಳು ನಾನು, ಸಣ್ಣ ಕಡ್ಡಿ ಕೆಳಗ, ಗಾಳಿ ಬರೋ ದಿಕ್ಕಿಗೆ ಬಾಯಿ ಬಿಟ್ಟು, ಊದಿದ್ರ ಉರಿ ಎದ್ದಿತು. ಲಗೋರಿ ಕಲಸ್ರಿ, ಏಳು ಚಪ್ಪಟಿ ಕಲ್ಲು ಒಂದು ಚೆಂಡು ಸಾಕು. ಖೋ ಖೋ ಕಲಸ್ರಿ, ಅದಕ್ಕ ಅದೂ ಬ್ಯಾಡ. ಮಳಿ ನಿಂತ ಹೊಲದಾಗ ಇಂಗ್ಲಿಷ್ ಹುಡುಗ್ರು ಖೋ ಅಂತ ಒದರೋದು ಕೇಳಿದಾಗ ನನಗ ನಮ್ ಕಲಬುರಗಿಯ ಎನ್‌ವಿ ಮೈದಾನ ಕಣ್ಣಮುಂದ ಬಂತು.

ತಿರುಗಿ ಬಂದ ಮ್ಯಾಲ

ಅಲ್ಲಿಂದ ಬಿಡೋ ಮುಂದ ಮಕ್ಕಳಿಗೆ ಒಂದು ತಿಂಗಳ ಮೊದಲೇ ಹೇಳ್ರಿ, ಕಡೀ ದಿನ ಹೇಳಿ ಅಳಸಬ್ಯಾಡ್ರಿ. ಟ್ರೇನಿಂಗ್ ಸರ್ಟಿಫಿಕೇಟ್, ಲೀಡರ್ ಬರದ ಪತ್ರ ಇಸ್ಕೊಂಡು ಬರ್ರಿ.

ಬಂದ ಮ್ಯಾಲ ನಾ ಓಣಿ ಹುಡುಗ್ರನ್ನ ಚಿಂಚೋಳಿಗೆ ಕರ್ಕೊಂಡು ಹೋಗ್ಲಿಕತ್ತೀನಿ. ಸುಮಾರು 135 ಚದರ ಕಿಲೋಮೀಟರ್ ಕಾಡು, 2011ರಾಗ ವನ್ಯಧಾಮ ಅಂತ ಘೋಷಣಾ ಆಗ್ಯದ, ಒಳಗ ಚಂದ್ರಂಪಳ್ಳಿ ಡ್ಯಾಮ್, ಎತ್ತಿಪೋತ ಜಲಪಾತ, ತಾಂಡಾಗಳು ಅದಾವ. ನಮ್ ಜಿಲ್ಲಾದಾಗ ಇಂಥಾ ಕಾಡು ಅದ ಅಂತ ಕಲಬುರಗಿಯ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಮೊದಲು ಅರಣ್ಯ ಇಲಾಖೆಯ ಪರವಾನಗಿ, ಆಮ್ಯಾಲ ಪ್ರತಿ ಮನಿಗೆ ಹೋಗಿ ಅಪ್ಪ ಅವ್ವನ ಸಹಿ, ಯಾರಿಗೆ ಯಾವ ಔಷಧ, ಯಾರಿಗೆ ಏನು ತಿಂದ್ರ ಆಗಂಗಿಲ್ಲ ಅಂತ ಒಂದು ಹಾಳಿ. ಎಂಟಕ್ಕೊಬ್ಬ ದೊಡ್ಡವರು, ಅದರಾಗ ಒಬ್ಬರಾದ್ರೂ ಹೆಣ್ಮಕ್ಕಳು. ಸಹಿ ಮಾಡೋ ಮುಂದ ಅಜ್ಜಿಗಳು ನಗ್ತಾರ, ನಮ್ ಹುಡುಗ್ರೇ ಅಲ್ಲೇನು ಇದೆಲ್ಲಾ ಯಾಕ ಅಂತಾರ. ಕುಂತು ತಿಳಿಸಿ ಹೇಳ್ತೀನಿ, ಎರಡನೇ ಸಲಕ್ಕ ಅವರೇ ಫಾರ್ಮ್ ಎಲ್ಲಿ ಅಂತ ಕೇಳ್ತಾರ. ನವೆಂಬರ್‌ನಿಂದ ಫೆಬ್ರವರಿ ತನಕ ಹೋಗ್ರಿ, ಮಾರ್ಚ್ ಬಂದ್ರ ನಮ್ ಬಿಸಲು ಮಕ್ಕಳಿಗೆ ತಡೆಯಂಗಿಲ್ಲ. ಮುಂಜಾನಿ ಆರಕ್ಕೆ ಬಿಟ್ಟು ಹನ್ನೊಂದರೊಳಗ ನಡಿಗಿ ಮುಗಿಸ್ರಿ, ಒಂದು ಕೂಸಿಗೆ ಎರಡು ಲೀಟರ್ ನೀರು, ಓಆರ್‌ಎಸ್ ಪಾಕೀಟು, ತಲಿಗೆ ಟವೆಲ್, ಮತ್ತ ಎಲ್ಲಕ್ಕೂ ನಿಧಾನ ನಡೆಯೋ ಕೂಸು ಸಾಲಿನ ಮುಂದ.